ಫೋನಿನಲ್ಲಿ ಪುಕ್ಕಟೆ ಡಾಕ್ಟರು

ನನಗಿರುವುದು ದಣಿವಿನ ಜಡ್ಡು. ಹೀಗೆಂದರೆ ಜೇವರ್ಗಿಯಲ್ಲಿ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ನಗುತ್ತಾರೆ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದಿತ್ತು. ಹೋಗುವಾಗ ನನ್ನ ತಾಕತ್ತನ್ನೂ ಕಟ್ಟಿಕೊಂಡು ಹೋಯಿತು. ನಾಲ್ಕು ಪಾತ್ರೆ ತೊಳೆದರೆ ಮರುದಿನ ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಎಷ್ಟು ನಿದ್ದೆ ಮಾಡಿದರೂ ಮಾಡಿದ ಹಾಗಿರುವುದಿಲ್ಲ. ಶಾಲೆಯ ನೌಕರಿಗೆ ರಜೆ ಹಾಕಿ ಕಲಬುರಗಿಯ ದವಾಖಾನೆಗಳನ್ನೆಲ್ಲ ಸುತ್ತಿದೆ. ರಕ್ತ, ಎದೆ, ತಲೆ, ಎಲ್ಲ ರಿಪೋರ್ಟೂ ನಾರ್ಮಲ್. ಕಡೆಗೆ ಒಬ್ಬ ಡಾಕ್ಟರು ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಹೆಸರಾದರೂ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಮನೆಗೆ ಬಂದು ಅತ್ತೆಗೆ ಬಿಡಿಸಿ ಹೇಳಿದೆ.

“ದಣಿವು ಅನ್ನೂದೂ ಒಂದ್ ಜಡ್ಡೇನ? ಹಂಗಾದ್ರ ನಮ್ಮ ಅತನೂರಿನ ಹೊಲದ ಎತ್ತಿಗೂ ಅದ ಆ ಜಡ್ಡು,” ಎಂದರು ಅತ್ತೆ.

ರೋಗಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ಸತ್ಯ ಹೇಳುತ್ತೇನೆ, ಆಗ ನನಗೆ ಔಷಧಿಯ ಆಸೆಯೂ ಉಳಿದಿರಲಿಲ್ಲ. “ನನ್ನ ಸೊಸೆ ಮೈಗಳ್ಳಿಯಲ್ಲ” ಎಂದು ಆ ಹೆಂಗಸು ಒಂದು ಸಲ ಒಪ್ಪಿದರೆ ಸಾಕಾಗಿತ್ತು.

ಅಷ್ಟರಲ್ಲಿ ಫೋನಿನಲ್ಲಿ ಭಾನುವಾರದ ಉಪನ್ಯಾಸ ಸಿಕ್ಕಿತು. ನಮ್ಮಂಥವರಿಗೆಂದೇ ಒಬ್ಬ ಡಾಕ್ಟರಮ್ಮ ಕನ್ನಡದಲ್ಲಿ ನಡೆಸುತ್ತಿದ್ದರು. ಅಂಥ ಸಭೆಯನ್ನು ನೀವು ನೋಡಿರಲಿಕ್ಕಿಲ್ಲ. ಸಭಿಕರೆಲ್ಲ ತಂತಮ್ಮ ಮನೆಯ ಹಾಸಿಗೆಯಲ್ಲಿ ಮಲಗಿರುತ್ತಾರೆ. ಪ್ರಶ್ನೆ ಶುರುಮಾಡಿದವರು ನಡುವೆಯೇ ಮರೆತು, “ಇರ್ಲಿ ಬಿಡ್ರಿ, ಮುಂದಿನ ವಾರ ಕೇಳ್ತೇನಿ” ಅನ್ನುತ್ತಾರೆ. ಅಫಜಲಪುರದ ಒಬ್ಬ ಯಜಮಾನರಂತೂ ಮೈಕು ಬಂದ್ ಮಾಡದೆ ಗೊರಕೆ ಹೊಡೆಯುತ್ತಾರೆ. ಡಾಕ್ಟರಮ್ಮ ಅವರನ್ನು ಎಬ್ಬಿಸಗೊಡುವುದಿಲ್ಲ. “ನಾನು ಹೇಳಿದ್ದನ್ನು ಪಾಲಿಸುತ್ತಿರುವವರು ಅವರೊಬ್ಬರೇ” ಎನ್ನುತ್ತಾರೆ.

ಒಂದು ವಾರದ ವಿಷಯ, ಮನೆಯವರಿಗೆ ತಿಳಿಸಿ ಹೇಳುವುದು ಹೇಗೆ ಎಂದಿತ್ತು. ಇದನ್ನು ಅತ್ತೆ ಕೇಳಲೇಬೇಕು ಅನ್ನಿಸಿತು. ಅವರನ್ನು ಫೋನಿನ ಮುಂದೆ ಕೂರಿಸಬೇಕಲ್ಲ! “ಫೋನಿನ್ಯಾಗ ದೊಡ್ಡ ಡಾಕ್ಟರ್ ಬರ್ತಾರ್ರಿ, ಪುಕ್ಕಟೆ,” ಎಂದೆ. ಆ ಕೊನೆಯ ಶಬ್ದ ಆಡಬಾರದಿತ್ತು.

ಭಾನುವಾರ ಮಧ್ಯಾಹ್ನ ಓಣಿಗೆ ಓಣಿಯೇ ನಮ್ಮ ಮನೆಗೆ ಬಂತು. ನಾವೆಲ್ಲ ಖಾಲಾ ಎನ್ನುವ ಪಕ್ಕದ ಮನೆಯ ಮುದುಕಿ ಮೊಣಕಾಲಿನ ಎಕ್ಸ್‌ರೇ ಹಿಡಿದು ಬಂದರು. ಎದುರು ಮನೆಯ ಕಾಕಾ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನೆಲ್ಲ ಕೈಚೀಲದಲ್ಲಿ ತಂದರು. ಉಳಿದವರು ಸುಮ್ಮನೆ ಬಂದರು, ಪುಕ್ಕಟೆ ಇರುವಾಗ ಯಾವುದಾದರೂ ಜಡ್ಡು ನೆನಪಾದೀತೆಂದು. ಅತ್ತೆ ಜಮಖಾನೆ ಹಾಸಿ, ನನ್ನ ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಮಂದಿ ಬಂದಾರ, ಚಾ ಇಡು,” ಎಂದರು.

ನಮ್ಮ ಕಡೆ ಹೊಸ್ತಿಲು ದಾಟಿ ಬಂದವರು ಚಹಾ ಕುಡಿಯದೆ ಎದ್ದರೆ ಮನೆಯ ಮರ್ಯಾದೆಯೇ ಎದ್ದು ಹೋದಂತೆ. ಹಾಗಾಗಿ ಡಾಕ್ಟರಮ್ಮ ಪಡಸಾಲೆಯಲ್ಲಿ “ದಣಿಯುವ ಮೊದಲೇ ಕುಳಿತುಕೊಳ್ಳಿ” ಎಂದು ಕಳಕಳಿಯಿಂದ ಹೇಳುತ್ತಿದ್ದಾಗ ನಾನು ಅಡುಗೆಮನೆಯ ಗೋಡೆಗೆ ಆನಿಕೊಂಡು ಶುಂಠಿ ಜಜ್ಜುತ್ತಿದ್ದೆ. ರೋಗಿಯೊಬ್ಬಳನ್ನು ಬಿಟ್ಟು ಊರೆಲ್ಲ ಉಪನ್ಯಾಸ ಕೇಳುತ್ತಿತ್ತು. ನನ್ನ ಸಿಟ್ಟಿಗೆ ಶುಂಠಿ ನುಚ್ಚುನೂರಾಯಿತು.

ಪ್ರಶ್ನೆ ಕೇಳುವ ಹೊತ್ತಾಯಿತು. ಆಳಂದದಲ್ಲಿರುವ ಮಗಳಿಗೆ ದಿನಾ ವಿಡಿಯೋ ಕಾಲ್ ಮಾಡಿ ಅತ್ತೆಯ ಕೈ ಪಳಗಿದೆ. ಕ್ಯಾಮೆರಾ, ಮೈಕು ಎರಡನ್ನೂ ಅವರೇ ಒತ್ತಿದರು. ಸೆರಗು ಸರಿಮಾಡಿಕೊಂಡು, “ಎಲ್ಲಾರ್ದೂ ಊಟ ಆತೇನ್ರಿ?” ಎಂದು ಮಲಗಿದ್ದ ಸಭೆಯನ್ನು ಕೇಳಿದರು. ಪಾಪ, ಸುಸ್ತಾದ ಜೀವಗಳು ಒಬ್ಬೊಬ್ಬರಾಗಿ ಆಯಿತೆಂದರು. ಅಷ್ಟರಲ್ಲಿ ಖಾಲಾ ಅಡ್ಡ ನುಗ್ಗಿ ಫೋನಿನ ಮುಂದೆ ಕಾಲು ಚಾಚಿ, “ಡಾಕ್ಟರ್ ಅಮ್ಮಾ, ಮೇರಾ ಘುಟನಾ ದೇಖೋ ಮಾ!” ಎಂದರು. ಪರದೆಯ ತುಂಬ ಬರೀ ಮೊಣಕಾಲು.

ಅತ್ತೆ ಆ ಕಾಲನ್ನು ಆಚೆ ಸರಿಸಿದರು. “ಡಾಕ್ಟರಬಾಯಿ, ಮೊದಲ ನಂದು ಕೇಳ್ರಿ. ನಮ್ಮ ಸೊಸಿಗಿ ಜರಾ ಬುದ್ಧಿ ಹೇಳ್ರಿ. ಹಗಲೆಲ್ಲ ಮಲಗ್ತಾಳ. ನಾಕ್ ಭಾಂಡಿ ತೊಳದ್ರ ಎರಡ್ ದಿನ ಏಳೂದಿಲ್ಲ. ಮಾತಾಡಕೋತ ಮಾತ ಮರೀತಾಳ. ಟೀವಿ ಸಪ್ಪಳಾದ್ರ ತಲಿ ಹಿಡ್ಕೋತಾಳ. ಮೈಗಳ್ಳಿ ಆಗ್ಯಾಳ್ರಿ ಪೂರಾ!”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಮೊದಲಿನಿಂದಲೂ ಹೀಗೇನಾ ಅಮ್ಮ?” ಡಾಕ್ಟರಮ್ಮ ಕೇಳಿದರು.

“ಅಯ್ಯ, ಮೊದಲಾ?” ಅತ್ತೆಗೆ ಸಿಟ್ಟೇ ಬಂತು. “ನಮ್ಮ ಸೊಸಿ ಅಂದ್ರ ಏನ್ ತಿಳ್ಕೊಂಡೀರಿ? ನನ್ನ ಕಾಲ ಮುರದಾಗ ಕೂಸಿನಂಗ ಎತಗೊಂಡು ಬಚ್ಚಲಕ್ಕ ಒಯ್ದಾಕಿ ಆಕಿ! ಸಾಲಿಗಿ ಹೋಗಿ ಬಂದು ಬುಟ್ಟಿ ತುಂಬ ರೊಟ್ಟಿ ಬಡಿತಿದ್ಲು. ಒಂದಿನ ಆಕಿ ಕುಂತಿದ್ದ ನಾ ನೋಡಿಲ್ಲ...”

ಮಾತು ಅಲ್ಲಿಗೇ ನಿಂತಿತು. ಅಫಜಲಪುರದ ಗೊರಕೆಯೊಂದೇ ಕೇಳುತ್ತಿತ್ತು. ಅತ್ತೆ ಫೋನಿನ ಹತ್ತಿರಕ್ಕೆ ಸರಿದು ಸಣ್ಣ ದನಿಯಲ್ಲಿ ಕೇಳಿದರು: “ಹಂಗಾದ್ರ ಆಕಿಗಿ ಏನಾಗ್ಯಾದ್ರಿ?”

ಎರಡು ವರ್ಷದಲ್ಲಿ ಅವರು ಇದನ್ನು ಕೇಳಿದ್ದು ಅದೇ ಮೊದಲು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮೈ ಮುರಿದು ಕೆಲಸ ಮಾಡಿದರಷ್ಟೇ ಅಲ್ಲ, ನಕ್ಕರೂ ಅತ್ತರೂ ಇಂಥವರ ತಾಕತ್ತು ಖರ್ಚಾಗುತ್ತದೆ ಎಂದರು. ಅತ್ತೆ ಎದ್ದು ನೇರ ಅಡುಗೆಮನೆಗೆ ಬಂದು, ಉಕ್ಕುತ್ತಿದ್ದ ಚಹಾದ ಒಲೆ ಆರಿಸಿ, ನನ್ನ ರಟ್ಟೆ ಹಿಡಿದು ಹಾಸಿಗೆಗೆ ಒಯ್ದರು. ಅಲ್ಲಿಂದಲೇ ಪಡಸಾಲೆಗೆ ಕೂಗಿದರು.

“ಏಳ್ರಿ ಎಲ್ಲಾರೂ! ಚಾ ನಿಮ್ಮ ನಿಮ್ಮ ಮನ್ಯಾಗ ಕುಡೀರಿ. ನಮ್ಮ ಮನ್ಯಾಗ ಜಡ್ಡಿನವ್ರು ಅದಾರ.”

“ಯಾರಿಗ್ರೀ ಜಡ್ಡು?” ಖಾಲಾ ಗಾಬರಿಯಾಗಿ ಕೇಳಿದರು.

“ನನ್ನ ಸೊಸಿಗಿ!” ಅತ್ತೆ ಗದರಿದರು.

ಎಕ್ಸ್‌ರೇ, ಗುಳಿಗೆ, ಮೊಣಕಾಲು ಎಲ್ಲ ಬಾಯಿ ಒಣಗಿಸಿಕೊಂಡೇ ಹೊರಟವು. ನನ್ನನ್ನು ರೋಗಿ ಅಂದರಲ್ಲ ಎಂಬ ಸಂತೋಷಕ್ಕೆ ನನಗೆ ತಡೆಯಲಾರದಷ್ಟು ಅಳು ಬಂತು. ಅತ್ತೆ ಕೌದಿ ಹೊದಿಸಿದರು. ಸೆರಗಿನಿಂದ ನನ್ನ ಕೆನ್ನೆ ಒರೆಸುತ್ತ ಅಂದರು:

“ಅಳಬ್ಯಾಡ ಯವ್ವಾ, ದಣೀತಿ.”