ಒತ್ತು ಉದುರದ ಲಿಪಿ

ಕಡೂರಿನ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಅದಕ್ಕೂ ಮೊದಲು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ. ಕನ್ನಡಕ್ಕೆ ಒತ್ತಿನ ಮೊಳೆಯೇ ಬೇರೆ, ಅಕ್ಷರದ ಕೆಳಗೆ ಅದನ್ನು ಸಿಗಿಸಬೇಕು. ಸಖರಾಯಪಟ್ಟಣದಲ್ಲಿ ಅಕ್ಕನಿಗೆ ಮಗಳು ಹುಟ್ಟಿದಾಗ ನಾಮಕರಣದ ಕಾರ್ಡು ನಾನೇ ಜೋಡಿಸಿದ್ದು. ಹೆಸರಿನ ಕೊನೆಯ ‘ವ್ಯ’ದಲ್ಲಿ ಯ ಒತ್ತು ಉದುರಿ ಬರೀ ‘ವ’ ಉಳಿಯಿತು. ಪ್ರೂಫ್ ನೋಡದ ನನ್ನ ಸೋಮಾರಿತನಕ್ಕಿಷ್ಟು! ಮಗುವಿನ ಅಜ್ಜ ಆ ಕಾರ್ಡು ತೋರಿಸಿಯೇ ಸ್ಕೂಲಿಗೆ ಸೇರಿಸಿದರು. ಮಾರ್ಕ್ಸ್‌ಕಾರ್ಡು, ಆಧಾರ್, ಎಲ್ಲದರಲ್ಲೂ ಅದೇ ಮುಕ್ಕಾದ ಹೆಸರು. ತಪ್ಪು ನನ್ನದೆಂದು ಆ ಹುಡುಗಿಯ ಮುಂದೆ ನಾನು ಬಾಯಿಬಿಟ್ಟಿರಲಿಲ್ಲ.

ಕೊರಿಯನ್ ಸೀರಿಯಲ್ ನೋಡಿ ನೋಡಿ ಆ ಭಾಷೆ ಹಿಡಿದವಳು ಅವಳು, ಆಮೇಲೆ ಪಾಠಕ್ಕೂ ಸೇರಿದ್ದಳು. ಮೊನ್ನೆ ಮಧ್ಯಾಹ್ನ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. ಕೊರಿಯಾಕ್ಕೆ ಹೋಗಿ ಓದುವ ಅರ್ಜಿಗೆ ಅವತ್ತೇ ಕೊನೆಯ ದಿನ. ‘ನಿಮ್ಮನ್ನು ಕರೆಯಬೇಕಾದ ಹೆಸರು’ ಎಂಬ ಚೌಕವನ್ನು ಕೊರಿಯನ್ನಿನಲ್ಲೇ ತುಂಬಬೇಕಿತ್ತು.

“ಎಂಟು ಅಕ್ಷರಕ್ಕೆ ಜಾಗ ಐತೆ ಚಿಕ್ಕಮ್ಮ. ಅಪ್ಪನ ಹೆಸರೂ ಸೇರಿ ನಂದು ಐದೇ. ಜಾಸ್ತಿ ಆಯ್ತು ಅಂತದೆ, ತಗೊಳ್ತಾನೇ ಇಲ್ಲ!”

ತಲೆಕೆಟ್ಟ ಕಂಪ್ಯೂಟರ್ ಎಂದು ಬೈದು, ಬ್ಯಾಕ್‌ಸ್ಪೇಸ್ ಒತ್ತಿದೆ. ಕೊನೆಯ ಅಕ್ಷರ ಪೂರ್ತಿ ಹೋಗಲಿಲ್ಲ, ಅದರ ಸ್ವರ ಮಾತ್ರ ಕಳಚಿಕೊಂಡಿತು. ಅರೆ! ನಮ್ಮ ಕನ್ನಡದಲ್ಲೂ ಹೀಗೇ ಅಲ್ಲವೇ, ಮೊದಲು ಒತ್ತು ಹೋಗುತ್ತದೆ. ಒಂದೊಂದು ಅಕ್ಷರದಲ್ಲೂ ಒಂದು ವ್ಯಂಜನ, ಒಂದು ಸ್ವರ; ಕಣ್ಣಿಗೆ ಐದು, ಕಂಪ್ಯೂಟರಿನ ಎಣಿಕೆಗೆ ಹತ್ತು ಚೂರು.

“ಇದನ್ನ ಎಲ್ಲಿಂದ ತಂದೆ?”

“ಪಾಠ ಹೇಳೋ ಮೇಡಮ್ಮು ಆಪಲ್ ಕಂಪ್ಯೂಟರಲ್ಲಿ ನನ್ನ ಹೆಸರಲ್ಲೇ ಒಂದು ಫೈಲ್ ಮಾಡಿ ಕಳಿಸಿದ್ರು. ಆ ಫೈಲಿನ ಹೆಸರನ್ನೇ ಕಾಪಿ ಮಾಡ್ದೆ. ತಪ್ಪಾಗ್ಬಾರ್ದಲ್ಲ.”

ಇಬ್ಬರೂ ಹುಡುಕಿ ಓದಿದೆವು. ಕೊರಿಯನ್ ಅಕ್ಷರವನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಇಡಬಹುದಂತೆ: ಚೂರುಚೂರಾಗಿ, ಇಲ್ಲವೇ ಇಡಿಯಾಗಿ. ಕಣ್ಣಿಗೆ ಎರಡೂ ಒಂದೇ. ಆಪಲ್ ಕಂಪ್ಯೂಟರಿನಿಂದ ಬಂದ ಆ ಫೈಲಿನ ಹೆಸರು ಚೂರುಗಳಲ್ಲಿತ್ತು. ಇಡಿ ಅಕ್ಷರಕ್ಕಾದರೆ ಒಂದೊಂದಕ್ಕೂ ಅದರದೇ ನಂಬರು. ಮೊದಲ ವ್ಯಂಜನ ಹತ್ತೊಂಬತ್ತು, ಸ್ವರ ಇಪ್ಪತ್ತೊಂದು, ಕೊನೆಯ ವ್ಯಂಜನ ಇಪ್ಪತ್ತೇಳು, ಕೊನೆಯಲ್ಲಿ ಏನೂ ಇಲ್ಲದಿದ್ದರೆ ಅದೂ ಒಂದು ಸೇರಿ ಇಪ್ಪತ್ತೆಂಟು. ಕ್ಯಾಲ್ಕುಲೇಟರಿನಲ್ಲಿ ಗುಣಿಸಿದೆ. ಹನ್ನೊಂದು ಸಾವಿರದ ನೂರಾ ಎಪ್ಪತ್ತೆರಡು! ಅಷ್ಟು ಮೊಳೆ ಇಡಲು ನಮ್ಮ ಪ್ರೆಸ್ಸೇ ಸಾಲುತ್ತಿರಲಿಲ್ಲ.

ಕೊರಿಯನ್ ಕೀಬೋರ್ಡ್ ಹಾಕಿಕೊಂಡು ಹೊಸದಾಗಿ ಟೈಪ್ ಮಾಡತೊಡಗಿದೆ. ಕೀಲಿ ಒತ್ತಿದ ಹಾಗೆಲ್ಲ ಚೂರುಗಳು ತಾವೇ ಕೂಡಿ ಒಂದಾಗುತ್ತಿದ್ದವು. ನೋಡುವುದೇ ಚೆಂದ.

“ಮುಂದಿನದು ‘ವ್ಯ’. ಅವ್ರಲ್ಲಿ ವ ಇಲ್ಲ, ಬ ಹಾಕು. ಪಕ್ಕದಲ್ಲಿ ಒಂದು ಸಣ್ಣ ಗೀಟು ಇದ್ರೆ ‘ಅ’, ಎರಡಿದ್ರೆ ‘ಯ’.”

ನನ್ನ ಕೈ ಅಲ್ಲೇ ನಿಂತಿತು. “ಲೇ, ನಿನ್ನ ಹೆಸರಿನ ಒತ್ತು ಬೀಳಿಸಿದೋಳು ನಾನೇ ಕಣೇ,” ಎಂದೆ.

“ಗೊತ್ತು. ಅಮ್ಮ ಯಾವತ್ತೋ ಹೇಳೈತೆ. ಎರಡು ಗೀಟಿಂದು ಹಾಕು.”

ಹಾಕಿದೆ. ಚೌಕ ಐದಕ್ಷರವನ್ನೂ ಒಪ್ಪಿಕೊಂಡಿತು. ನನಗೆ ಸಮಾಧಾನವಾಗಲಿಲ್ಲ. ಬೇರೊಂದು ಪುಟದಲ್ಲಿ ಅದೇ ಅಕ್ಷರ ಟೈಪ್ ಮಾಡಿ, ಅದು ಇಡಿಯಾಗಿ ಕೂಡಿ ಕೂತ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿ ನೋಡಿದೆ. ಇಡೀ ಅಕ್ಷರವೇ ಹೋಯಿತು, ಗೀಟೊಂದೇ ಉದುರಲಿಲ್ಲ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

“ಅಳೋದು ಆಮೇಲೆ, ಟೈಮಾಯ್ತು,” ಎಂದು ಮೌಸನ್ನು ನನ್ನ ಕೈಗೆ ತುರುಕಿದಳು. “ಈ ಸಲನಾದ್ರೂ ಪ್ರೂಫ್ ನೋಡು ಚಿಕ್ಕಮ್ಮ.”

ಮೂರು ಸಲ ನೋಡಿ ಕಳಿಸಿದೆ.