ಪಾಂಡು ಹಾಕದ ಬೊಬ್ಬೆ

ಮೊದಲೇ ಕ್ಷಮೆ ಕೇಳುತ್ತೇನೆ. ಹಗಲು ಅಂಗಡಿ ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದ ನನಗೆ ಪಂಕ್ ರಾಕ್ ಸಂಗೀತದ ಬಗ್ಗೆ ತಿಳಿದಿರುವುದು ಬಹಳ ಕಡಿಮೆ. ವೇಗವಾಗಿ ಬಾರಿಸುತ್ತಾರೆ, ಹಾಡುವುದಕ್ಕಿಂತ ಹೆಚ್ಚು ಕಿರುಚುತ್ತಾರೆ, ಸಿಟ್ಟಿನಲ್ಲಿರುತ್ತಾರೆ, ಅಷ್ಟೇ. ಇನ್ನೊಬ್ಬರ ಸುಟ್ಟ ಗಾಯದ ಬಗ್ಗೆ ಪತ್ರಿಕೆಯಲ್ಲಿ ಬರೆಯಬಹುದೇ ಎಂಬ ಅಳುಕೂ ಇದೆ. ಪಾಂಡು ಅವರನ್ನೇ ಕೇಳಿದೆ. "ಬರಿನಿ ಮಾರಾಯ್ರೆ. ಸುಳ್ಳ್ ಮಾತ್ರ ಬರಿಬೇಡಿ" ಎಂದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕುಂದಾಪುರದ ಸಂತೆ ಮಾರುಕಟ್ಟೆಯ ಹಿಂದೆ ಒಂದು ಓಣಿ. ಆಗಷ್ಟೇ ಬೆಳಕು ಹರಿಯುತ್ತಿದೆ. ಹಂಚಿನ ಮಾಡಿನ ಕೋಣೆಯೊಳಗೆ ಮೂರು ಗ್ರೈಂಡರುಗಳು ಒಟ್ಟಿಗೆ ತಿರುಗುತ್ತಿವೆ. ಪಾಂಡು ಬಲಗೈಯನ್ನು ಉದ್ದಿನ ಹಿಟ್ಟಿನೊಳಗೆ ಅದ್ದಿ, ಬೆರಳಿನಿಂದ ಉಜ್ಜಿ ನೋಡಿ, ಒಂದು ಚೊಂಬು ನೀರು ಹಾಕುತ್ತಾರೆ. ಹೊರಗೆ ಸ್ಕೂಟರಿನ ಹಾರ್ನ್ ಕೇಳಿದರೆ ಒಂದು ಪಾತ್ರೆ ಹೊರಡುತ್ತದೆ. ಪೇಟೆಯ ಎಂಟು ಹತ್ತು ಹೋಟೆಲುಗಳ ಬೆಳಗಿನ ಇಡ್ಲಿ, ದೋಸೆಯ ಹಿಟ್ಟು ಹೋಗುವುದು ಇಲ್ಲಿಂದಲೇ. ತಿನ್ನುವವರಿಗೆ ಪಾಂಡು ಯಾರೆಂದು ಗೊತ್ತಿಲ್ಲ. ಭಟ್ಟರ ಕೈರುಚಿ ಎಂದು ಹೇಳಿ ಎದ್ದು ಹೋಗುತ್ತಾರೆ.

ಬಿರುಬಿಸಿಲಿನ ದಿನಗಳಲ್ಲೂ ಪಾಂಡು ತುಂಬು ತೋಳಿನ ಅಂಗಿ ಹಾಕುತ್ತಾರೆ. ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಭಾರದ ಪಾತ್ರೆ ಎತ್ತುವಾಗ ಹೆಂಡತಿ ಗುಲಾಬಿ ಒಂದು ಬದಿ ಹಿಡಿಯುತ್ತಾರೆ. "ಇವ್ರಿಗ್ ಹೆಂಡ್ತಿ ಕರದ್ರೆ ಕೇಣ್ತಿಲ್ಲೆ. ಗ್ರೈಂಡರಿನ ಸೊರ ಒಂಚೂರ್ ಬದ್ಲಾದ್ರೆ ಮಾತ್ರ ಕೂಡ್ಲೇ ಕೇಣತ್" ಎಂದು ಗುಲಾಬಿ ನಗುತ್ತಾರೆ. "ಗ್ರೈಂಡರ್ ಬೈತಿಲ್ಲೆ ಅಲ್ದಾ" ಎನ್ನುತ್ತಾರೆ ಪಾಂಡು, ತಲೆ ಎತ್ತದೆ.

ಈ ಕೋಣೆಗೆ ನನ್ನನ್ನು ಕರೆತಂದವರು ಬ್ರಹ್ಮಾವರದ ಅನಿಷಾ. ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ, ಶುಚಿ ಮಾಡಿ, ಮತ್ತೆ ಕೇಳುವಂತೆ ಮಾಡುವ ಹವ್ಯಾಸ ಅವರದ್ದು. ಕಳೆದ ವರ್ಷ ಯಾರದ್ದೋ ಅಟ್ಟದಲ್ಲಿ ಅವರಿಗೆ 'ಎಂಜಲ್ ಬಾಲ್ದಿ' ಎಂಬ ಕ್ಯಾಸೆಟ್ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಮುಂಬಯಿಯ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗರು ಕುಂದಾಪ್ರ ಕನ್ನಡದಲ್ಲಿ ಮಾಡಿದ ಪಂಕ್ ರಾಕ್ ಆಲ್ಬಮ್. ಒಂದು ಹಳೆಯ ಗಿಟಾರ್, ಡ್ರಮ್ಮಿನ ಬದಲು ತುಪ್ಪದ ಡಬ್ಬಗಳು. ಮಾಲಕ, ಗಿರಾಕಿ, ತಿಗಣೆ ಎಲ್ಲರಿಗೂ ಬೈಗುಳ. ಅನಿಷಾ ಅದನ್ನು ಇಂಟರ್ನೆಟ್ಟಿಗೆ ಹಾಕಿದಾಗ ಹುಡುಗ ಹುಡುಗಿಯರು ಹುಚ್ಚೆದ್ದು ಕೇಳಿದರು. ಹೆಚ್ಚು ಮೆಚ್ಚಿದ್ದು 'ಮೂರ್ ನಂಬ್ರ ಟೇಬಲ್' ಎಂಬ ಹಾಡಿನ ನಡುವೆ ಬರುವ ಒಂದು ಬೊಬ್ಬೆಯನ್ನು. ಅಂಥ ಬೊಬ್ಬೆ ಹಾಕಲು ಎದೆ ಬೇಕು ಎಂದು ಬರೆದರು. ಕ್ಯಾಸೆಟ್ಟಿನ ಕವರಿನಲ್ಲಿ 'ಹಾಡು: ಚಂದಯ್ಯ' ಎಂಬುದರ ಕೆಳಗೆ 'ಬೊಬ್ಬೆ: ಪಾಂಡು' ಎಂದಿತ್ತು.

ಆಲ್ಬಮನ್ನು ಈಗ ಹೊಸದಾಗಿ ಹೊರತರಲು ಅನಿಷಾ ಎಲ್ಲರ ಒಪ್ಪಿಗೆ ಕೇಳುತ್ತಿದ್ದಾರೆ. ಗಿಟಾರ್ ಬಾರಿಸಿದ, ಕ್ಯಾಸೆಟ್ ಮಾಡಿಸಿದ ಗುಣಪಾಲ ಈಗಿಲ್ಲ. ಪಾಂಡು ಸಿಕ್ಕ ದಿನ ಅನಿಷಾ ಖುಷಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಆ ಬೊಬ್ಬೆ ಹೆಂಗೆ ಹಾಕಿದ್ರಿ ಅಂಕಲ್? ಪ್ರಾಕ್ಟೀಸ್ ಮಾಡಿದ್ರಾ?"

ಪಾಂಡು ಎಡತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಮೇಲೆ ಸರಿಸಿದರು. ಮೊಣಕೈಯಿಂದ ಭುಜದವರೆಗೆ ಚರ್ಮ ಕರಗಿ, ಮಡಿಕೆ ಬಿದ್ದು ಹೆಪ್ಪುಗಟ್ಟಿದಂತಿದೆ. ಅನಿಷಾ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಪೆನ್ನು ಕೆಳಗಿಟ್ಟೆ. ಸಾವಿರಾರು ಜನ ಮತ್ತೆ ಮತ್ತೆ ಹಾಕಿ ಕೇಳಿ ಆನಂದಿಸಿದ್ದು ಏನನ್ನು ಎಂದು ಆಗ ನಮಗೆ ತಿಳಿಯಿತು.

ಪಾಂಡು ಬ್ಯಾಂಡಿನವರಲ್ಲ. ಅದೇ ಹೋಟೆಲಿನ ಅಡುಗೆಮನೆಯಲ್ಲಿ ಕರಿಯುವ ಕೆಲಸ. "ಅವ್ರ್ ಬಾರ್ಸುಕ್ ಕೂಕಂಡ್ರೆ ಗೋಡಿ ಒಳಗಿನ ಜಿರಳಿ ಎಲ್ಲ ಹೊರ್ಗ್ ಬಪ್ದ್. ಆದ್ರೂ ಚಂದ ಇತ್ತ್ ಕಾಣಿ" ಎನ್ನುತ್ತಾರೆ. ಹೋಟೆಲಿಗೆ ವಾರದ ರಜೆಯಿದ್ದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲೇ ರೆಕಾರ್ಡಿಂಗ್. ಟೇಪ್ ರೆಕಾರ್ಡರ್ ಅಕ್ಕಿ ಮೂಟೆಯ ಮೇಲೆ. ಮರುದಿನದ ಒಂದು ಆರ್ಡರಿಗೆ ಪಾಂಡು ಮೂಲೆಯಲ್ಲಿ ಸೇವ್ ಕರಿಯುತ್ತಿದ್ದರು. ಹಾಡು ಏರಿದಾಗ ಯಾರದ್ದೋ ಕಾಲು ಒಲೆಗೆ ತಾಗಿತು. ಬಾಣಲೆ ವಾಲಿತು.

"ಎಣ್ಣಿ ಬಿದ್ದದ್ದ್ ಗೊತ್ತಿತ್ತ್. ನೀರಿನ ಡ್ರಮ್ಮಿಗೆ ಕೈ ಹಾಕಿದ್ದ್ ಗೊತ್ತಿತ್ತ್. ಹಿಂದೆ ಅವ್ರ್ ಬಾರ್ಸ್ತಾ ಇದ್ದದ್ದ್ ಕೇಣ್ತಿತ್ತ್. ನಾನ್ ಬೇಯ್ತಾ ಇದ್ದೆ, ಅವ್ರ್ ಹಾಡ್ ನಿಲ್ಸಿಲ್ಲೆ" ಎಂದು ಪಾಂಡು ಹೇಳುತ್ತಾರೆ. ದನಿ ಏರುವುದಿಲ್ಲ. ಆಸ್ಪತ್ರೆಗೆ ಚಂದಯ್ಯ ಬಂದಾಗ ಪಾಂಡು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಊರಿಗೆ ಬಂದರು. ಒಲೆಯ ಮುಂದೆ ನಿಲ್ಲಲಾಗದೆ ಗ್ರೈಂಡರ್ ಹಿಡಿದರು. ಚಂದಯ್ಯನೂ ಮುಂದೆ ಊರಿಗೆ ಮರಳಿ, ಈಗ ಬೈಂದೂರಿನಲ್ಲಿ ರಿಕ್ಷಾ ಓಡಿಸುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಇಬ್ಬರಿಗೂ ಮೂವತ್ತು ವರ್ಷದಿಂದ ಮಾತಿಲ್ಲ.

"ಮದಿ ಮನಿಲ್ ಆ ಚಂದಯ್ಯನ್ನ ಕಂಡ್ರೆ ಸಾಕ್, ಇವ್ರ್ ಎಲಿ ಬಿಟ್ಟ್ ಎದ್ದ್ ಬತ್ರ್. ಜೊತಿಗೆ ನಂಗೂ ಅರ್ಧ ಹೊಟ್ಟಿ!" ಎಂದು ಗುಲಾಬಿ ಹೇಳುತ್ತಾರೆ.

ಅನಿಷಾ ಹಾಡನ್ನು ಕೈಬಿಡಲು ಸಿದ್ಧರಿದ್ದರು. ಪಾಂಡು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳದೆ ಹೇಗೆ ಹೇಳುವುದು ಎಂದು ಅವರೇ ಗ್ರೈಂಡರುಗಳನ್ನು ಒಂದೊಂದಾಗಿ ನಿಲ್ಲಿಸಿದರು. ಕೋಣೆ ಒಮ್ಮೆಲೇ ಖಾಲಿಯಾದಂತೆ ಆಯಿತು. ಅನಿಷಾ ಮೊಬೈಲನ್ನು ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲಿಟ್ಟು ಹಾಡು ಹಾಕಿದರು.

"ಮೂರ್ ನಂಬ್ರಕ್ಕೆ ನೀರ್! ಮೂರ್ ನಂಬ್ರಕ್ಕೆ ನೀರ್!" ಎಂದು ಎಳೆಯ ಗಂಟಲೊಂದು ಅರಚುತ್ತದೆ. ಪಾಂಡುವಿನ ಮುಖದಲ್ಲಿ ನಗು ಬಂದು ಹೋಯಿತು. ಆಮೇಲೆ ಆ ಬೊಬ್ಬೆ. ಬೊಬ್ಬೆಯ ನಂತರ ಹಾಡಿಲ್ಲ, ಗಿಟಾರ್ ಇಲ್ಲ, ಏನೋ ಬಿದ್ದ ಸದ್ದು. ತುಪ್ಪದ ಡಬ್ಬ ಮಾತ್ರ ಡಬಡಬ ಎಂದು ಒಂದಿಷ್ಟು ಹೊತ್ತು ಒಂಟಿಯಾಗಿ ಬಡಿದು, ತಡವರಿಸಿ ನಿಲ್ಲುತ್ತದೆ.

"ಮತ್ತೊಂದ್ ಸಲ ಹಾಕ್ ಮಗ," ಎಂದರು ಪಾಂಡು. ಇನ್ನೊಮ್ಮೆ ಕೇಳಿದರು. ಹಿಟ್ಟು ಮೆತ್ತಿದ ಕೈ ಹಾಗೇ ಒಣಗುತ್ತಿತ್ತು.

"ಡಬ್ಬ ಬಡಿಯುವವ ಗೋಡಿ ಬದಿ ತಿರ್ಗಿ ಕೂಕಂತಿದ್ದ. ಅವ್ನಿಗೆ ಕಂಡಿರ್ಲಿಕ್ಕಿಲ್ಲ" ಎಂದರು ಮೆಲ್ಲಗೆ. "ನಂಗ್ ಕೇಂಡದ್ದ್ ಆ ಡಬ್ಬ ಒಂದೇ."

ಆಮೇಲೆ ಹೇಳಿದ ಮಾತಿಗೆ ನಾವ್ಯಾರೂ ಸಿದ್ಧರಿರಲಿಲ್ಲ. "ಈ ಬೊಬ್ಬೆ ನಂದಲ್ಲ. ನಾನ್ ಬೊಬ್ಬೆ ಹಾಕಿಲ್ಲೆ. ಎಣ್ಣಿ ಬಿದ್ದ್ ಕೂಡ್ಲೆ ಉಸ್ರೇ ಕಟ್ಟಿ ಹೋಯ್ತ್, ಸೊರ ಎಲ್ಲಿಂದ ಬಪ್ಪುದ್? ಇದ್ ಚಂದಯ್ಯಂದ್. ನನ್ ಎದ್ರಿಗ್ ನಿಂತಂಡ್ ಇದ್ದವ ಅವನೇ."

ಗುಲಾಬಿ ಸೆರಗು ಬಾಯಿಗೆ ಒತ್ತಿಕೊಂಡರು. ಅನಿಷಾ, "ಕವರಿನಲ್ಲಿ ನಿಮ್ಮ ಹೆಸರೇ ಇದೆಯಲ್ಲ ಅಂಕಲ್" ಎಂದರು. ಪಾಂಡು ತಲೆ ಅಲ್ಲಾಡಿಸಿದರು.

ಮರುದಿನ ಬೈಂದೂರು ರೈಲು ನಿಲ್ದಾಣದ ಹೊರಗೆ ಚಂದಯ್ಯ ಸಿಕ್ಕರು. ಕೊಲ್ಲೂರಿಗೆ ಹೋಗುವ ಯಾತ್ರಿಕರಿಗೆ ಕಾಯುತ್ತಿದ್ದರು. ಪಾಂಡು ಹೇಳಿದ್ದನ್ನು ತಿಳಿಸಿದಾಗ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಂದಾ? ಇಲ್ಲೆ ಮಾರಾಯ್ರೆ. ನಂಗ್ ಬಾಯೇ ಬಿಡುಕೆ ಆಯ್ಲಿಲ್ಲೆ. ಅದ್ ಪಾಂಡುಂದೇ. ಇಷ್ಟ್ ವರ್ಷ ಕಿವಿಯೊಳ್ಗೇ ಇತ್ತ್. ಕವರ್ ಅಚ್ಚ್ ಹಾಕುಕ್ ಕೊಡುವಾಗ ಅಲ್ದಾ ಗೊತ್ತಾದ್ದ್, ಗುಣಪಾಲ ಅದನ್ನ ತೆಗಿಯದ್ದೇ ಬಿಟ್ಟದ್ದ್. ಕೇಂಬವ್ರ್ ನಂದ್ ಅಂದ್ಕಂಬುದ್ ಬೇಡ ಅಂದೇಳಿ ಅವ್ನ್ ಹೆಸ್ರ್ ಹಾಕ್ಸ್ದೆ." ಅಡುಗೆಮನೆಯಲ್ಲೇ ಹಾಡೋಣ ಎಂದು ಹಟ ಹಿಡಿದದ್ದು ತಾವು, ಪಾಂಡುವಿನ ಸಿಟ್ಟು ಅದಕ್ಕೇ ಎಂದು ಅವರು ತಿಳಿದಿದ್ದರು.

ಈ ಮಾತನ್ನು ಪಾಂಡುವಿಗೆ ಮುಟ್ಟಿಸಿದಾಗ ಅವರು ಅಕ್ಕಿ ತೊಳೆಯುತ್ತಿದ್ದರು. ನೀರು ಬಸಿದು ಮುಗಿಸಿದರು. "ಹಾಂಗಾರೆ ಬಪ್ಕ್ ಹೇಳಿ. ಇಬ್ರೂ ಒಟ್ಟಿಗ್ ಕೂಕಂಡ್ ಕೇಂಬ" ಎಂದರು.

ಕಳೆದ ಭಾನುವಾರ ಓಣಿಯ ತುದಿಯಲ್ಲಿ ರಿಕ್ಷಾ ಬಂದು ನಿಂತಿತು. ಓಡಿಸುತ್ತಿದ್ದವರು ಇಳಿಯಲಿಲ್ಲ. ಪಾಂಡುವೇ ಬಾಗಿಲಿಗೆ ಬಂದು, "ಹ್ವಾಯ್, ಬಾಡಿಗಿಗ್ ಕಾಯ್ತಿದ್ಯಾ? ಒಳ್ಗ್ ಬಾ" ಎಂದು ಕರೆದರು. ಚಂದಯ್ಯ ಒಳಗೆ ಬಂದು ನೋಡಿದ್ದು ಆ ತೋಳನ್ನು. "ಈಗ್ಳೂ ನೋಯತ್ತಾ?" "ಚಳಿಗ್ ಒಂಚೂರ್." ಅಷ್ಟೇ. ಅನಿಷಾ ಹಾಡು ಹಾಕಿದರು. ಇಬ್ಬರೂ ಮೊಬೈಲಿನ ಕಡೆ ಬಾಗಿ ಕುಳಿತರು. ಬೊಬ್ಬೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿಂದೇ," ಎಂದರು ಚಂದಯ್ಯ.

"ನಿಂದೇ ಮಾರಾಯ," ಎಂದರು ಪಾಂಡು.

ಇನ್ನೊಮ್ಮೆ ಹಾಕಲು ಇಬ್ಬರೂ ಹೇಳಲಿಲ್ಲ. ಹಾಡನ್ನು ಆಲ್ಬಮ್ಮಿನಲ್ಲಿ ಇಡಬಹುದೇ ಎಂದು ಅನಿಷಾ ಕೇಳಿದಾಗ ಪಾಂಡು ಎದ್ದು ಗ್ರೈಂಡರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟರು. "ಇರ್ಲಿ. ಆದ್ರೆ ಅದ್ ಹಾಡ್ ಅಲ್ಲ ಅಂದೇಳಿ ಕೇಂಬವ್ರಿಗೆ ಗೊತ್ತಾಗ್ಬೇಕ್."

ನಾನು ಆ ಹಾಡನ್ನು ಮನೆಯಲ್ಲಿ ಹಲವು ಸಲ ಕೇಳಿದ್ದೇನೆ. ಈಗ ಇಬ್ಬರ ದನಿಯೂ ನನಗೆ ಪರಿಚಿತ. ಆದರೂ ಆ ಬೊಬ್ಬೆ ಯಾರದ್ದೆಂದು ನನಗೆ ಗೊತ್ತಾಗಲಿಲ್ಲ.