ಶಿವಗಂಗವ್ವನ ಕಿವಿ

ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಶಿವಗಂಗವ್ವ ಹದಿನೆಂಟು ವರ್ಷದಿಂದ ಚೀಟಿ ಬರೆಯುತ್ತಾಳೆ. ರೋಗಿ ಬಾಯಿ ತೆರೆದರೆ ಸಾಕು, ಮೊದಲು ಎಲ್ಲಿ ತೋರಿಸಿಕೊಂಡು ಬಂದಿದ್ದಾನೆಂದು ಹೇಳಿಬಿಡುವಳು. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರಕ್ಕೆ ಹಚ್ಚಿ ತೊಳೆಯುತ್ತಾರಲ್ಲ, ಅದು ಬೀಳಗಿಯ ಹಳ್ಳಿಗಳ ಬಾಯಲ್ಲಿ 'ಡಾಲೀಸ'. ಬಾಗಲಕೋಟೆಗೆ ಹೋಗಿಬಂದವರಿಗೆ 'ಡಯಾಲಿಸಿಸ್'. ಮಿರಜದ ಮರಾಠಿ ಡಾಕ್ಟರರ ಕೈಗೆ ಸಿಕ್ಕವರು 'ಡಾಯಲಿಸಿಸ್' ಎನ್ನುತ್ತಾರೆ. ದವಾಖಾನೆಯ ಮೈಸೂರು ಕಡೆಯ ಡಾಕ್ಟರು ರೋಗಿಗಳ ಮಾತು ತಿಳಿಯದೆ ತಲೆ ಕೆರೆದುಕೊಂಡರೆ, "ನಿಮ್ಮ ಯಂತ್ರಕ್ಕಿಂತ ನನ್ನ ಕಿವಿ ಛಲೋ ಐತ್ರಿ ಸರ್" ಎಂದು ಅವರನ್ನೇ ಛೇಡಿಸುವಳು. ಸೊಕ್ಕಿತ್ತು, ಸುಳ್ಳೇಕೆ. ಆ ಸೊಕ್ಕನ್ನು ಕೇಡು ಬಾಗಿಲಲ್ಲೇ ನಿಂತು ಕೇಳುತ್ತಿತ್ತು.

ಗಂಡ ಶಿದ್ರಾಮಪ್ಪ ಬನಹಟ್ಟಿಯಲ್ಲಿ ಸೀರೆ ನೇಯುವವ. ನೂಲು ತರುತ್ತೇನೆಂದು ಆಗಾಗ ಮಿರಜದ ಕಡೆಯ ಇಚಲಕರಂಜಿಗೆ ಹೋಗಿಬರುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಅವನು ಉಣ್ಣಲು ಕುಳಿತಿದ್ದ, ಇವಳು ರೊಟ್ಟಿ ಬಡಿಯುತ್ತ ದವಾಖಾನೆಯ ಸುದ್ದಿ ಹೇಳುತ್ತಿದ್ದಳು. ಬೀಳಗಿ ಕಡೆಯ ಮುದುಕನೊಬ್ಬ ಡಾಲೀಸ, ಡಾಲೀಸ ಎಂದು ಅತ್ತದ್ದನ್ನು ಅವನ ಧಾಟಿಯಲ್ಲೇ ಆಡಿ ತೋರಿಸಿದಳು.

"ಡಾಲೀಸ ಅಲ್ಲ ಬಿಡು, ಡಾಯಲಿಸಿಸ್," ಎಂದ ಶಿದ್ರಾಮಪ್ಪ. ನಾಲಿಗೆ ಒಂದಿಷ್ಟೂ ತೊಡರಲಿಲ್ಲ.

ರೊಟ್ಟಿ ಬಡಿಯುವ ಕೈ ನಿಂತಿತು. ಆಸ್ಪತ್ರೆಯ ಮೆಟ್ಟಿಲು ಹತ್ತದವನೆಂದು ಊರಿಗೇ ಗೊತ್ತಿದ್ದ ಗಂಡ. ಅವನ ಬಾಯಲ್ಲಿ ಮಿರಜದ ಮಾತು!

"ಮಿರಜಕ್ಕ ಯಾವಾಗ ಹೋಗಿದ್ರಿ?"

ಅವನು ಬಾತ ಕಾಲುಗಳನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡ. ಕಿಡ್ನಿ ಕೆಟ್ಟವರ ಕಾಲು ಹೀಗೇ ಬಾತುಕೊಳ್ಳುವುದನ್ನು ಇವಳು ದಿನಾ ನೋಡಿದ್ದಳು.

"ಖರೆ ಹೇಳ್ರಿ!"

"ತಿಂಗಳಾತು. ವಾರಕ್ಕ ಎರಡ ಸಲ ಯಂತ್ರಕ್ಕ ಹಚ್ಚಬೇಕ ಅಂದಾರ. ಒಂದ ಸಲಾನೂ ಹೋಗಿಲ್ಲ."

ಭಯಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು. "ದವಾಖಾನ್ಯಾಗ ದುಡಿಯೋ ಹೇಣ್ತಿಗಿ ಹೇಳಾಕ ಏನ ಧಾಡಿ ಆಗಿತ್ತರಿ ನಿಮಗ?"

ಶಿದ್ರಾಮಪ್ಪ ತಾಟಿನಿಂದ ತಲೆ ಎತ್ತಲಿಲ್ಲ. "ಅದಕ್ಕ ಹಚ್ಚಿದವ್ರು ಯಾರೂ ಉಳಿಯೂದಿಲ್ಲಂತ ದಿನಾ ಉಣ್ಣಾಗ ನೀನ ಹೇಳ್ತಿದ್ದೆಲ್ಲ."

ಶಿವಗಂಗವ್ವನ ದವಾಖಾನೆಗೇ ವಾರವಾರ ಬಂದು, ರಕ್ತ ತೊಳೆಸಿಕೊಂಡು, ಚಹಾ ಕುಡಿದು, ಐದಾರು ವರ್ಷದಿಂದ ಮನೆಗೆ ನಡೆದುಹೋಗುತ್ತಿದ್ದವರು ಎಷ್ಟೋ ಮಂದಿ ಇದ್ದರು. ಅಂಥವರ ಸುದ್ದಿಯಲ್ಲಿ ರುಚಿಯಿಲ್ಲವೆಂದುಕೊಂಡು ಅವಳು ಅದನ್ನು ಒಂದು ದಿನವೂ ಅವನಿಗೆ ಹೇಳಿರಲಿಲ್ಲ.